ನೀರನ್ನಲ್ಲ, ಪಾತ್ರೆಯ ಒಳಮೈ ನೋಡಿ

ಮಳೆ ಹಿಡಿದು ಕಾವೇರಿ ಬಗ್ಗಡವಾದರೆ ಸಾಕು, ಈ ಅಂಕಣಕ್ಕೆ ಬರುವ ಪತ್ರಗಳೂ ನೀರಿನ ಕಡೆಗೇ ತಿರುಗುತ್ತವೆ. ಈ ಸಲದ ಪ್ರಶ್ನೆಗಳು ಬೇರೆ ಬೇರೆ ಥರ ಕಂಡರೂ ಅವುಗಳ ಬೇರು ಒಂದೇ. ನೀರಿನ ಬ್ಯಾಕ್ಟೀರಿಯಾ ಅಂದಾಗ ನೀರಿನಲ್ಲಿ ತೇಲಾಡುವ ಜೀವಿಗಳನ್ನು ನಾವು ಊಹಿಸಿಕೊಳ್ಳುತ್ತೇವೆ. ಆದರೆ ಹೊಳೆಯಲ್ಲಿ, ಪೈಪಿನಲ್ಲಿ, ಟ್ಯಾಂಕಿನಲ್ಲಿ ಅವುಗಳ ಬಹುಪಾಲು ಯಾವುದಾದರೂ ಒಂದು ಮೇಲ್ಮೈಗೆ ಅಂಟಿಕೊಂಡೇ ಬಾಳುತ್ತವೆ. ಕಾಲೇಜಿನಲ್ಲಿ ಮೈಕ್ರೋಬಯಾಲಜಿ ಪಾಠ ಹೇಳುತ್ತಿದ್ದಾಗ ನಾನು ಜಾಸ್ತಿ ಒತ್ತಿ ಹೇಳುತ್ತಿದ್ದ ಮಾತು ಇದು. ನಿವೃತ್ತಿಯಾದ ಮೇಲೂ ಹೇಳುತ್ತಲೇ ಇದ್ದೇನೆ.

ಪ್ರಶ್ನೆ: ಮೇಡಂ, ತಾರಸಿ ಮೇಲಿನ ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕಿ, ನೀರು ಚೆಲ್ಲಿ, ಹೊಸ ನೀರು ತುಂಬಿಸಿದೆವು. ತಿಂಗಳು ತುಂಬುವುದರೊಳಗೆ ಒಳಗೋಡೆ ಮತ್ತೆ ಲೋಳೆಲೋಳೆಯಾಗಿ ಜಾರುತ್ತಿದೆ. ನೀರು ಮಾತ್ರ ತಿಳಿಯಾಗಿದೆ, ವಾಸನೆಯೂ ಇಲ್ಲ. ಈ ಲೋಳೆ ಎಲ್ಲಿಂದ ಬರುತ್ತದೆ?
— ಗೃಹಿಣಿ, ಕುವೆಂಪುನಗರ, ಮೈಸೂರು

ಉತ್ತರ: ನೀರಿನಿಂದಲೇ ಬರುತ್ತದೆ. ನಲ್ಲಿ ನೀರಿಗೆ ಕ್ಲೋರಿನ್ ಬೆರೆಸಿ ಬಿಡುತ್ತಾರೆ. ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಅಂತ ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಹೇಳುತ್ತದೆ. ಅಷ್ಟು ಮಾತ್ರಕ್ಕೆ ಆ ನೀರಿನಲ್ಲಿ ಒಂದೂ ಬ್ಯಾಕ್ಟೀರಿಯಾ ಇಲ್ಲ ಅಂತಲ್ಲ. ರೋಗ ತರದ ಸಾಧಾರಣ ಬ್ಯಾಕ್ಟೀರಿಯಾಗಳು ಅಷ್ಟೋ ಇಷ್ಟೋ ಉಳಿದಿರುತ್ತವೆ. ತಾರಸಿಯ ಬಿಸಿಗೆ ಟ್ಯಾಂಕಿನ ಕ್ಲೋರಿನ್ ಬೇಗ ಇಳಿದುಹೋಗುತ್ತದೆ. ಆಮೇಲೆ ಅವುಗಳನ್ನು ತಡೆಯುವವರಿಲ್ಲ.

ತೊಳೆದ ಗೋಡೆ ಹೆಚ್ಚು ಹೊತ್ತು ಬರಿದಾಗಿರುವುದಿಲ್ಲ. ನೀರು ತುಂಬಿದ ಕೆಲವೇ ನಿಮಿಷಗಳಲ್ಲಿ, ನೀರಿನಲ್ಲಿ ಕರಗಿರುವ ಪ್ರೋಟೀನು, ಕೊಳೆತ ಎಲೆ ಬೇರುಗಳಿಂದ ಬಂದ ವಸ್ತುಗಳು ಗೋಡೆಗೆ ಬಂದು ಕೂರುತ್ತವೆ. ಕಣ್ಣಿಗೆ ಕಾಣದಷ್ಟು ತೆಳುವಾದ ಪದರ ಅದು. ಬ್ಯಾಕ್ಟೀರಿಯಾ ಬಂದು ಮುಟ್ಟುವುದು ನಿಮ್ಮ ಟ್ಯಾಂಕಿನ ಪ್ಲಾಸ್ಟಿಕ್ಕನ್ನಲ್ಲ, ಈ ಪದರವನ್ನು. ಅದರಲ್ಲಿ ಅವಕ್ಕೆ ಊಟವೂ ಸಿಗುತ್ತದೆ.

ಆದರೆ ಹತ್ತಿರ ಬಂದ ತಕ್ಷಣ ಅಂಟಿಕೊಳ್ಳಲು ಆಗುವುದಿಲ್ಲ. ಬ್ಯಾಕ್ಟೀರಿಯಾದ ಮೈಮೇಲೆ ಸಾಮಾನ್ಯವಾಗಿ ಮೈನಸ್ ಚಾರ್ಜ್ ಇರುತ್ತದೆ. ನೀರಿನಲ್ಲಿ ಮುಳುಗಿದ ಬಹಳಷ್ಟು ಮೇಲ್ಮೈಗಳ ಮೇಲೂ ಅದೇ. ಒಂದೇ ಬಗೆಯ ಚಾರ್ಜ್‌ಗಳು ಒಂದನ್ನೊಂದು ತಳ್ಳುತ್ತವೆ ಅಲ್ವಾ? ಇನ್ನೊಂದು ಕಡೆ, ತೀರಾ ಹತ್ತಿರ ಬಂದ ವಸ್ತುಗಳ ನಡುವೆ ವ್ಯಾನ್ ಡರ್ ವಾಲ್ಸ್ ಅನ್ನುವ ಸಣ್ಣ ಸೆಳೆತವೂ ಇರುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಜಾಸ್ತಿ ಇದ್ದರೆ ತಳ್ಳಾಟ ತಗ್ಗುತ್ತದೆ, ಸೆಳೆತ ಗೆಲ್ಲುತ್ತದೆ. ಈ ಹಂತದಲ್ಲಿ ಬ್ಯಾಕ್ಟೀರಿಯಾ ಗೋಡೆಯ ಪಕ್ಕ ಸುಮ್ನೆ ನಿಂತಿರುತ್ತದೆ, ಅಷ್ಟೇ. ನೀರು ಜೋರಾಗಿ ಅಲುಗಿದರೆ ಬಿಟ್ಟುಹೋಗುತ್ತದೆ. ಹೀಗೆ ಬಿಟ್ಟುಹೋಗಬಲ್ಲ ಹಂತ ಒಂದು, ಮತ್ತೆ ಬಿಡದ ಹಂತ ಇನ್ನೊಂದು ಅಂತ ಆಸ್ಟ್ರೇಲಿಯಾದ ಕೆವಿನ್ ಮಾರ್ಷಲ್ ಮತ್ತು ಜೊತೆಗಾರರು 1971ರಲ್ಲಿ ಸಮುದ್ರದ ಬ್ಯಾಕ್ಟೀರಿಯಾಗಳಲ್ಲಿ ಬೇರೆ ಮಾಡಿ ತೋರಿಸಿದರು.

ಎರಡನೆಯ ಹಂತಕ್ಕೆ ಹೋಗಲು ಬ್ಯಾಕ್ಟೀರಿಯಾ ತನ್ನ ಮೈಮೇಲಿನ ಸಣ್ಣ ಎಳೆಗಳನ್ನು ಬಳಸುತ್ತದೆ. ಅವಕ್ಕೆ ಪಿಲೈ ಅನ್ನುತ್ತೇವೆ. ಎಳೆಯ ತುದಿ ಗೋಡೆಗೆ ತಾಗಿ ಹಿಡಿಯುತ್ತದೆ. ಹಿಡಿತ ಸಿಕ್ಕ ಸುದ್ದಿ ಜೀವಕೋಶದ ಒಳಗೂ ಮುಟ್ಟುತ್ತದೆ. ಆಗ ಸೈಕ್ಲಿಕ್ ಡೈ ಜಿಎಂಪಿ ಅನ್ನುವ ಪುಟ್ಟ ಅಣುವಿನ ಪ್ರಮಾಣ ಒಳಗೆ ಏರುತ್ತದೆ. ಅದು ಏರಿದರೆ ಈಜು ನಿಲ್ಲುತ್ತದೆ, ಅಂಟು ತಯಾರಿ ಶುರುವಾಗುತ್ತದೆ. ಈ ಅಣುವನ್ನು 1987ರಲ್ಲಿ ಇಸ್ರೇಲಿನ ಮೋಶೆ ಬೆನ್‌ಜಿಮಾನ್ ತಂಡ ಕಂಡುಹಿಡಿಯಿತು. ಅವರು ನೋಡುತ್ತಿದ್ದದ್ದು ಸೆಲ್ಯುಲೋಸ್ ನೇಯುವ ಬೇರೊಂದು ಬ್ಯಾಕ್ಟೀರಿಯಾವನ್ನು. ಅದೇ ಅಣು ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾಗಳಿಗೆ 'ಈಜಬೇಕಾ, ಕೂರಬೇಕಾ' ಅಂತ ಹೇಳುತ್ತದೆ ಅನ್ನುವುದು ಬಹಳ ವರ್ಷಗಳ ಮೇಲೆ ಗೊತ್ತಾಯಿತು.

ನಿಮ್ಮ ಬೆರಳಿಗೆ ಜಾರುವುದು ಆ ಅಂಟು. ಅದರಲ್ಲಿ ಸಕ್ಕರೆಯ ಉದ್ದನೆಯ ಸರಗಳಿವೆ, ಪ್ರೋಟೀನು ಇದೆ, ಸತ್ತ ಕೋಶಗಳಿಂದ ಹೊರಬಂದ ಡಿಎನ್‌ಎ ಕೂಡ ಇದೆ. ಲೋಳೆಯನ್ನು ಒಣಗಿಸಿ ತೂಗಿದರೆ ಬ್ಯಾಕ್ಟೀರಿಯಾಗಳ ಪಾಲು ಹೆಚ್ಚಾಗಿ ನೂರಕ್ಕೆ 10ಕ್ಕಿಂತ ಕಡಿಮೆ. ಉಳಿದದ್ದೆಲ್ಲ ಅವು ಕಟ್ಟಿಕೊಂಡ ಮನೆ.

ಬ್ಲೀಚಿಂಗ್ ಪೌಡರ್ ಸೋಲುವುದು ಇಲ್ಲೇ. ಕ್ಲೋರಿನ್ ಲೋಳೆಯ ಮೇಲ್ಪದರದ ಜೊತೆ ಸೆಣಸಿ ಅಲ್ಲೇ ಮುಗಿದುಹೋಗುತ್ತದೆ. ತಳದಲ್ಲಿರುವವಕ್ಕೆ ಅದು ತಲುಪುವುದೇ ಇಲ್ಲ. ಹಾಲೆಂಡಿನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಲೇವನ್‌ಹುಕ್ 1680ರ ದಶಕದಲ್ಲೇ ಇದನ್ನು ಗಮನಿಸಿದ್ದರು. ತಮ್ಮ ಹಲ್ಲಿನ ಪಾಚಿಯನ್ನು ತಾವೇ ಮಾಡಿದ ಮಸೂರದಲ್ಲಿ ನೋಡಿ, ವಿನೆಗರ್ ಹಾಕಿ ಬಾಯಿ ಮುಕ್ಕಳಿಸಿದರೆ ಹೊರಗಿನ ಜೀವಿಗಳಷ್ಟೇ ಸಾಯುತ್ತವೆ, ಒಳಗಿನವು ಉಳಿಯುತ್ತವೆ ಅಂತ ಬರೆದಿಟ್ಟರು. ನಿಮ್ಮ ಟ್ಯಾಂಕಿನಲ್ಲಿ ಆಗಿದ್ದೂ ಅದೇ. ಉಳಿದವು ಮತ್ತೆ ಬೆಳೆದಿವೆ.

ಆದ್ದರಿಂದ ಮೊದಲು ಉಜ್ಜಿ, ಆಮೇಲೆ ಪೌಡರ್. ಟ್ಯಾಂಕ್ ಖಾಲಿ ಮಾಡಿಸಿ ಗೋಡೆ, ಮೂಲೆ, ಮುಚ್ಚಳದ ಒಳಭಾಗ, ನೀರು ಬೀಳುವ ಪೈಪಿನ ಬಾಯಿ, ತೇಲುವ ಬಾಲ್, ಎಲ್ಲವನ್ನೂ ಗಟ್ಟಿ ನೈಲಾನ್ ಬ್ರಷ್ಷಿನಿಂದ ತಿಕ್ಕಿಸಿ. ತಂತಿ ಬ್ರಷ್ ಬೇಡ. ಪ್ಲಾಸ್ಟಿಕ್ಕಿನ ಮೇಲೆ ಗೀರು ಬಿದ್ದರೆ ಆ ಸಂದಿನಲ್ಲಿ ಲೋಳೆ ಇನ್ನೂ ಬೇಗ ನೆಲೆಯೂರುತ್ತದೆ. ಎದ್ದ ಕೊಳೆಯನ್ನು ಹೊರಗೆ ಚೆಲ್ಲಿದ ಮೇಲೆ ನೀರು ತುಂಬಿಸಿ, 1000 ಲೀಟರಿಗೆ 150ರಿಂದ 200 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್ ಸಾಕು. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಇಳಿದ ಮೇಲೆ ಮೇಲಿನ ತಿಳಿಯನ್ನು ಮಾತ್ರ ಸುರಿಯಿರಿ. ಇಡೀ ರಾತ್ರಿ ಬಿಡಿ. ಆ ನೀರನ್ನು ಕುಡಿಯಬಾರದು, ಪೂರ್ತಿ ಚೆಲ್ಲಿ ಇನ್ನೊಮ್ಮೆ ತೊಳೆಯಬೇಕು. ಮುಚ್ಚಳ ಭದ್ರವಾಗಿರಲಿ. ಬೆಳಕು ಬಿದ್ದರೆ ಹಸಿರು ಪಾಚಿಯೂ ಸೇರಿಕೊಳ್ಳುತ್ತದೆ.

ಪ್ರಶ್ನೆ: ನಮ್ಮ ಅಜ್ಜಿ ಕೆರೆ ನೀರನ್ನು ಹಳೇ ಸೀರೆ ಮಡಿಸಿ ಸೋಸುತ್ತಿದ್ದರು. ಬ್ಯಾಕ್ಟೀರಿಯಾ ಬಟ್ಟೆಯ ತೂತಿಗಿಂತ ಎಷ್ಟೋ ಸಣ್ಣದು, ಹಾಗೆ ಸೋಸಿ ಏನೂ ಉಪಯೋಗವಿಲ್ಲ ಅಂತ ಮಗ ವಾದಿಸುತ್ತಾನೆ. ಯಾರು ಸರಿ?
— ಓದುಗರು, ಮದ್ದೂರು

ಉತ್ತರ: ಅಳತೆಯ ಲೆಕ್ಕದಲ್ಲಿ ಮಗ ಸರಿ. ಕೆಲಸದ ಲೆಕ್ಕದಲ್ಲಿ ಅಜ್ಜಿ ಸರಿ!

ಕಾಲರಾ ಬ್ಯಾಕ್ಟೀರಿಯಾದ ಉದ್ದ ಒಂದರಿಂದ ಮೂರು ಮೈಕ್ರಾನ್. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲು ಒಂದು ಮೈಕ್ರಾನ್. ಹಳೇ ಸೀರೆಯನ್ನು ನಾಲ್ಕು ಸಲ ಮಡಿಸಿದರೆ ಸಿಗುವ ತೂತು ಸುಮಾರು 20 ಮೈಕ್ರಾನ್. ಬಿಡಿಯಾಗಿ ತೇಲುತ್ತಿದ್ದರೆ ಅದು ಆರಾಮವಾಗಿ ನುಸುಳುತ್ತಿತ್ತು. ಆದರೆ ಅದು ಕೆರೆ ಹೊಳೆಗಳಲ್ಲಿ ಹೆಚ್ಚಾಗಿ ಒಂಟಿಯಾಗಿರುವುದಿಲ್ಲ. ಕೋಪೆಪಾಡ್ ಅನ್ನುವ, ಸೀಗಡಿಯ ದೂರದ ನೆಂಟನಾದ ಪುಟ್ಟ ನೀರುಜೀವಿಯ ಮೈಮೇಲೆ ಅಂಟಿಕೊಂಡಿರುತ್ತದೆ. ಆ ಜೀವಿಯ ಚಿಪ್ಪು ಕೈಟಿನ್ ಎಂಬ ವಸ್ತುವಿನದು. ಕಾಲರಾ ಬ್ಯಾಕ್ಟೀರಿಯಾಕ್ಕೆ ಕೈಟಿನ್ನನ್ನು ಹಿಡಿಯುವ ಎಳೆಗಳೂ ಇವೆ, ಅದನ್ನು ಕರಗಿಸಿ ತಿನ್ನುವ ಶಕ್ತಿಯೂ ಇದೆ. ಒಂದೇ ಕೋಪೆಪಾಡಿನ ಮೇಲೆ ಸಾವಿರಾರು ಕೂತಿರಬಹುದು. ಕೋಪೆಪಾಡ್ ಸೀರೆಯಲ್ಲಿ ಸಿಕ್ಕಿಕೊಂಡರೆ ಅವೂ ಸಿಕ್ಕಿದಂತೆಯೇ.

ಅಮೆರಿಕದ ವಿಜ್ಞಾನಿ ರೀಟಾ ಕೋಲ್ವೆಲ್ ಮತ್ತು ಸಂಗಡಿಗರು ಇದನ್ನು ಬಾಂಗ್ಲಾದೇಶದ ಮತ್ಲಬ್ ಸೀಮೆಯ 65 ಹಳ್ಳಿಗಳಲ್ಲಿ ಪರೀಕ್ಷಿಸಿದರು. 2003ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಸೀರೆಯಲ್ಲಿ ಸೋಸಿ ಕುಡಿದ ಹಳ್ಳಿಗಳಲ್ಲಿ ಕಾಲರಾ ನೂರಕ್ಕೆ 48ರಷ್ಟು ಕಡಿಮೆಯಾಗಿತ್ತು. ಹೊಸ ಸೀರೆಗಿಂತ ಹಳೆಯದೇ ಮೇಲು. ಒಗೆದು ಒಗೆದು ನೂಲು ಉಬ್ಬಿ ತೂತು ಸಣ್ಣದಾಗಿರುತ್ತದೆ. ಬಡತನದಲ್ಲಿ ಸಂಸಾರ ತೂಗಿಸಿದ ಹೆಂಗಸರ ಕೈಯಲ್ಲಿ ಇಂಥದ್ದೊಂದು ಉಪಾಯ ಇತ್ತು ಅನ್ನುವುದು ನನಗೆ ಬಹಳ ಹೆಮ್ಮೆಯ ವಿಷಯ.

ಆದರೂ ಉಳಿದ ಅರ್ಧ ರೋಗ ತಪ್ಪಿಲ್ಲ ಅನ್ನುವುದನ್ನು ಮರೆಯಬೇಡಿ. ಸೋಸಿದ ನೀರನ್ನು ಕುದಿಸಲೇಬೇಕು. ಕುದಿ ಬಂದ ಮೇಲೆ ಒಂದು ನಿಮಿಷವಾದರೂ ಕೊತಕೊತ ಕುದಿಯಲಿ. ಸೋಸಿದ ಬಟ್ಟೆಯನ್ನು ಒಗೆದು ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿ.

ಪ್ರಶ್ನೆ: ನಾನು ಸೆಕೆಂಡ್ ಪಿಯುಸಿ. ನಮ್ಮೂರ ಸ್ನಾನಘಟ್ಟದ ಮೆಟ್ಟಿಲುಗಳು ಯಾವಾಗಲೂ ಜಾರುತ್ತವೆ. ಬ್ಯಾಕ್ಟೀರಿಯಾಕ್ಕೆ ಕೈಕಾಲಿಲ್ಲ. ಹೊಳೆ ಅಷ್ಟು ರಭಸವಾಗಿ ಹರಿಯುವಾಗ ಅವು ಕೊಚ್ಚಿಹೋಗದೆ ಕಲ್ಲಿನ ಮೇಲೆ ಹೇಗೆ ನಿಲ್ಲುತ್ತವೆ ಮೇಡಂ?
— ವಿದ್ಯಾರ್ಥಿನಿ, ಶ್ರೀರಂಗಪಟ್ಟಣ

ಉತ್ತರ: ಮಗು, ಈ ತಿಂಗಳ ಪತ್ರಗಳಲ್ಲಿ ನನಗೆ ತುಂಬ ಇಷ್ಟವಾದದ್ದು ನಿನ್ನದು.

ಮೊದಲನೆಯದಾಗಿ, ನೀನು ನೋಡುವ ರಭಸ ಕಲ್ಲಿನ ಮೈಯಲ್ಲಿ ಇಲ್ಲ. ಹರಿಯುವ ನೀರು ಕಲ್ಲಿಗೆ ಹತ್ತಿರವಾದಷ್ಟೂ ನಿಧಾನವಾಗುತ್ತದೆ. ಕಲ್ಲನ್ನು ಮುಟ್ಟಿಕೊಂಡಿರುವ ನೀರಂತೂ ಹೆಚ್ಚುಕಡಿಮೆ ನಿಂತೇ ಇರುತ್ತದೆ. ಒಂದೆರಡು ಮೈಕ್ರಾನ್ ಎತ್ತರದ ಜೀವಿಗೆ ಅಷ್ಟು ನಿಧಾನದ ಪದರ ಸಾಕು. ಅಲ್ಲಿವರೆಗೆ ಬರುವುದು ಮಾತ್ರ ಕಷ್ಟ. ಅದಕ್ಕೆ ಕೆಲವು ಬ್ಯಾಕ್ಟೀರಿಯಾಗಳು ಫ್ಲಾಜೆಲ್ಲಾ ಅನ್ನುವ ಬಾಲವನ್ನು ತಿರುಗಿಸಿ ಈಜಿಕೊಂಡು ಬರುತ್ತವೆ. ಬಾಲವಿಲ್ಲದವು ನೀರಿನ ಸುಳಿಯಲ್ಲಿ ಸಿಕ್ಕಿ ತಾವಾಗಿ ಬಂದು ತಾಗುತ್ತವೆ.

ಎರಡನೆಯದು ಇನ್ನೂ ಸೊಗಸಾಗಿದೆ. ಕೆಲವು ಹಿಡಿತಗಳು ಎಳೆದಷ್ಟೂ ಬಿಗಿಯಾಗುತ್ತವೆ. ಇ. ಕೋಲೈ ಬ್ಯಾಕ್ಟೀರಿಯಾದ ಎಳೆಯ ತುದಿಯಲ್ಲಿ ಫಿಮ್-ಎಚ್ ಅನ್ನುವ ಪ್ರೋಟೀನ್ ಇದೆ. ಅದು ನಮ್ಮ ಜೀವಕೋಶಗಳ ಮೇಲಿನ ಮ್ಯಾನೋಸ್ ಸಕ್ಕರೆಯನ್ನು ಹಿಡಿಯುತ್ತದೆ. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದವರು 2002ರಲ್ಲಿ ನೋಡಿದಾಗ, ನೀರಿನ ಸೆಳೆತ ಹೆಚ್ಚಿದಾಗ ಈ ಹಿಡಿತ ಸಡಿಲವಾಗುವ ಬದಲು ಗಟ್ಟಿಯಾಯಿತು. ಹಸು ಕಟ್ಟುವ ಹಗ್ಗದ ಜೀರುಗುಣಿಕೆ ನೋಡಿದ್ದೀಯಲ್ಲ, ಜಗ್ಗಿದರೆ ಬಿಗಿಯುತ್ತದೆ, ಹಾಗೆ. ಜಗ್ಗಿದಾಗ ಆ ಪ್ರೋಟೀನಿನ ಆಕಾರವೇ ಸ್ವಲ್ಪ ಬದಲಾಗಿ ಸಕ್ಕರೆಯನ್ನು ಒಳಗೆ ಅದುಮಿಕೊಳ್ಳುತ್ತದೆ. ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಇದು ಇದೆ ಅಂತ ತಿಳಿಯಬೇಡ.

ಸಿಹಿನೀರಿನ ಕೌಲೋಬ್ಯಾಕ್ಟರ್ ಅನ್ನುವ ಬ್ಯಾಕ್ಟೀರಿಯಾದ ಬಗ್ಗೆ ನಿನಗೆ ಹೇಳದೆ ಇರಲಾರೆ. ಅದು ಎರಡಾಗಿ ಒಡೆಯುವಾಗ ತಾಯಿ ಒಂದು ತೊಟ್ಟಿನ ಮೂಲಕ ಕಲ್ಲಿಗೆ ಅಂಟಿಕೊಂಡೇ ಇರುತ್ತದೆ. ಮಗಳಿಗೆ ಬಾಲ ಇರುತ್ತದೆ. ಮಗಳು ಈಜಿಕೊಂಡು ಹೋಗಿ ಬೇರೆ ಜಾಗ ಹುಡುಕುತ್ತದೆ. ಜಾಗ ತಾಗಿದರೆ ಬಾಲದ ತಿರುಗಾಟ ನಿಂತು ಕೆಲವೇ ಕ್ಷಣಗಳಲ್ಲಿ ತುದಿಯಿಂದ ಅಂಟು ಹೊರಬರುತ್ತದೆ. ಆ ಅಂಟನ್ನು ಅಮೆರಿಕದಲ್ಲಿ ಅಳೆದು 2006ರಲ್ಲಿ ಪ್ರಕಟಿಸಿದರು. ಚದರ ಮಿಲಿಮೀಟರಿಗೆ ಸುಮಾರು 70 ನ್ಯೂಟನ್! ಅಂದರೆ ಒಂದು ಚದರ ಮಿಲಿಮೀಟರ್ ಜಾಗದಲ್ಲಿ ಆ ಅಂಟು ಹಚ್ಚಿದರೆ 7 ಕಿಲೋ ತೂಕ ನೇತುಹಾಕಬಹುದು. ಅದೂ ನೀರಿನೊಳಗೆ ಹಿಡಿಯುವ ಅಂಟು.

ಸ್ನಾನಘಟ್ಟದ ಜಾರಿಕೆಯಲ್ಲಿ ಬ್ಯಾಕ್ಟೀರಿಯಾ ಮಾತ್ರವಲ್ಲ, ಪಾಚಿಯೂ, ಡಯಾಟಂ ಅನ್ನುವ ಗಾಜಿನಂಥ ಚಿಪ್ಪಿನ ಸೂಕ್ಷ್ಮ ಪಾಚಿಗಳೂ ಇವೆ. ಬಿದ್ದು ಪೆಟ್ಟು ಮಾಡಿಕೊಂಡವರು ಅದನ್ನು ಬೈಯುತ್ತಾರೆ, ಸರಿ. ಆದರೆ ಹೊಳೆಗೆ ಸೇರುವ ಕೊಳೆಯನ್ನು ತಿಂದು ಅರಗಿಸುವ ಕೆಲಸದಲ್ಲಿ ಈ ಕಲ್ಲುಗಳ ಮೇಲಿನ ಲೋಳೆಗೆ ದೊಡ್ಡ ಪಾಲಿದೆ. 1829ರಲ್ಲಿ ಜೇಮ್ಸ್ ಸಿಂಪ್ಸನ್ ಲಂಡನ್ನಿನಲ್ಲಿ ಥೇಮ್ಸ್ ನೀರಿಗೆ ಕಟ್ಟಿದ ಮರಳಿನ ಸೋಸುಹಾಸು ಕೆಲಸ ಮಾಡುತ್ತಿದ್ದದ್ದೂ ಮರಳಿನ ಮೇಲೆ ಕೂತ ಇಂಥದ್ದೇ ಲೋಳೆಯಿಂದ. ಆಗ ಯಾರಿಗೂ ಬ್ಯಾಕ್ಟೀರಿಯಾದ ಕೆಲಸ ತಿಳಿದಿರಲಿಲ್ಲ.

ಕಣ್ಣಾರೆ ನೋಡಬೇಕಾ? ಮಿನ್ನೆಸೋಟದ ಆರ್ಥರ್ ಹೆನ್ರಿಕಿ 1933ರಲ್ಲಿ ಪ್ರಕಟಿಸಿದ ಉಪಾಯ ಇವತ್ತಿಗೂ ನಡೆಯುತ್ತದೆ. ಗಾಜಿನ ಸ್ಲೈಡುಗಳನ್ನು ದಾರದಲ್ಲಿ ಕಟ್ಟಿ ನೀರಿನಲ್ಲಿ ಇಳಿಬಿಡು. ಒಂದನ್ನು ಮಾರನೇ ದಿನ ತೆಗೆ, ಇನ್ನೊಂದನ್ನು ಮೂರು ದಿನಕ್ಕೆ, ಮತ್ತೊಂದನ್ನು ವಾರಕ್ಕೆ. ಮೆಲ್ಲಗೆ ಜಾಲಾಡಿಸಿ, ಒಣಗಿಸಿ, ಲ್ಯಾಬಿನಲ್ಲಿ ಬ್ಯಾಕ್ಟೀರಿಯಾಗಳಿಗೆ ಬಣ್ಣ ಹಾಕಲು (ಗ್ರಾಂ ಸ್ಟೇನ್) ಇಟ್ಟಿರುವ ಕ್ರಿಸ್ಟಲ್ ವಯಲೆಟ್ ಬಣ್ಣವನ್ನು ಒಂದು ನಿಮಿಷ ಹಾಕಿ ತೊಳೆ. ಮೈಕ್ರೋಸ್ಕೋಪಿನ ಆಯಿಲ್ ಇಮ್ಮರ್ಷನ್ ಮಸೂರದಲ್ಲಿ ನೋಡು. ನನ್ನ ವಿದ್ಯಾರ್ಥಿಗಳು ಕುಕ್ಕರಹಳ್ಳಿ ಕೆರೆಯಲ್ಲಿ ಹೀಗೆ ಬಿಟ್ಟ ಸ್ಲೈಡುಗಳಲ್ಲಿ ಮೊದಲು ಅಲ್ಲೊಂದು ಇಲ್ಲೊಂದು ಕಡ್ಡಿ ಕಾಣುತ್ತಿತ್ತು, ಆಮೇಲೆ ಗುಂಪುಗಳು, ಕೊನೆಗೆ ನಡುವೆ ಡಯಾಟಂಗಳು. ಹೊಳೆಗೆ ಮಾತ್ರ ಒಬ್ಬಳೇ ಇಳಿಯಬೇಡ. ಮೇಷ್ಟ್ರನ್ನೋ ಮನೆಯ ದೊಡ್ಡವರನ್ನೋ ಕರೆದುಕೊಂಡು ಹೋಗು.

ಪ್ರಶ್ನೆ: ತಾಮ್ರದ ಬಿಂದಿಗೆಯಲ್ಲಿ ಈ ಲೋಳೆ ಕಟ್ಟುವುದಿಲ್ಲವಂತೆ, ನಿಜವಾ?
— ಓದುಗರು, ನಂಜನಗೂಡು

ಉತ್ತರ: ಬಹಳ ಮಟ್ಟಿಗೆ ನಿಜ. ತಾಮ್ರ ನೀರಿಗೆ ಅತಿ ಸಣ್ಣ ಪ್ರಮಾಣದಲ್ಲಿ ಇಳಿದು ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. 2012ರಲ್ಲಿ ಪ್ರಕಟವಾದ ಬೆಂಗಳೂರಿನ ಸಂಶೋಧಕರ ಅಧ್ಯಯನದಲ್ಲಿ, ಭೇದಿ ತರುವ ಬ್ಯಾಕ್ಟೀರಿಯಾಗಳನ್ನು ಬೆರೆಸಿದ ನೀರನ್ನು ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇಟ್ಟ ಮೇಲೆ ಲ್ಯಾಬಿನಲ್ಲಿ ಬೆಳೆಸಲು ನೋಡಿದರೂ ಅವು ಬೆಳೆಯಲಿಲ್ಲ. ನೀರಿಗೆ ಇಳಿದ ತಾಮ್ರ ಮಿತಿಯೊಳಗೇ ಇತ್ತು. ಆದರೆ ನೀರಿಗೆ ತಾಮ್ರ ತಾಗಬೇಕು. ಒಳಗೆ ಗಡುಸು ನೀರಿನ ಬಿಳಿ ಪೊರೆ, ಕರಿ ಕಟ್ಟಿದ್ದರೆ ಗುಣ ಕುಂದುತ್ತದೆ. ನಮ್ಮಮ್ಮ ಮಾಡುತ್ತಿದ್ದಂತೆ ಹುಣಸೆಹಣ್ಣು ಹಾಕಿ ತೆಂಗಿನ ನಾರಿನಿಂದ ಒಳಗೂ ತಿಕ್ಕಿ. ಹೊರಗೆ ಹೊಳೆದರೆ ಸಾಲದು.

ಪ್ರಶ್ನೆ: ಕಬ್ಬಿಗೆ ಡ್ರಿಪ್ ಹಾಕಿಸಿದ್ದೇನೆ. ಬೋರ್‌ವೆಲ್ ನೀರು. ಪೈಪಿನ ತುದಿ ಬಿಚ್ಚಿದರೆ ಕೆಂಪು ಲೋಳೆ ಬರುತ್ತದೆ, ಡ್ರಿಪ್ಪರುಗಳು ಕಟ್ಟಿಕೊಂಡಿವೆ. ಆಸಿಡ್ ಬಿಟ್ಟರೂ ಪೂರ್ತಿ ಹೋಗಲಿಲ್ಲ.
— ರೈತರು, ಮಂಡ್ಯ ತಾಲ್ಲೂಕು

ಉತ್ತರ: ಕೆಂಪು ಲೋಳೆ ಅಂದರೆ ನಿಮ್ಮ ನೀರಿನಲ್ಲಿ ಕಬ್ಬಿಣ ಕರಗಿದೆ, ಅದರ ಜೊತೆ ಕಬ್ಬಿಣದ ಬ್ಯಾಕ್ಟೀರಿಯಾಗಳೂ ಇವೆ. ನೆಲದೊಳಗೆ ಗಾಳಿಯಿಲ್ಲದೆ ಕರಗಿಕೊಂಡಿದ್ದ ಕಬ್ಬಿಣ ಮೇಲೆ ಬಂದು ಗಾಳಿ ತಾಗಿದಾಗ ತುಕ್ಕಾಗುತ್ತದೆ. ಗ್ಯಾಲಿಯೊನೆಲ್ಲಾ, ಲೆಪ್ಟೊಥ್ರಿಕ್ಸ್ ಎಂಬ ಬ್ಯಾಕ್ಟೀರಿಯಾಗಳು ಪೈಪಿನ ಒಳಮೈಗೆ ಅಂಟಿ, ಆ ತುಕ್ಕನ್ನು ತಮ್ಮ ಸುತ್ತ ಕಟ್ಟಿಕೊಳ್ಳುತ್ತವೆ. ಡ್ರಿಪ್ಪರಿನ ಒಳದಾರಿ ಕಿರಿದು. ಸ್ವಲ್ಪ ಲೋಳೆ ಕೂತರೂ ಮಣ್ಣಿನ ಕಣ ಬಂದು ಸಿಕ್ಕಿ ದಾರಿ ಮುಚ್ಚುತ್ತದೆ.

ಆಸಿಡ್ ಕರಗಿಸುವುದು ಸುಣ್ಣದಂಥ ಉಪ್ಪುಗಳನ್ನು. ಜೀವಂತ ಲೋಳೆಗೆ ಕ್ಲೋರಿನ್ನೇ ಬೇಕು. ಬ್ಲೀಚಿಂಗ್ ಪೌಡರ್ ಬೇಡ, ಅದರ ಕ್ಯಾಲ್ಸಿಯಂ ಡ್ರಿಪ್ಪರಿನಲ್ಲಿ ಕೂರುತ್ತದೆ. ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ ಬಳಸಿ. ಅದನ್ನು ಫಿಲ್ಟರಿಗಿಂತ ಮುಂಚೆಯೇ ಸೇರಿಸಬೇಕು, ಯಾಕೆಂದರೆ ಕ್ಲೋರಿನ್ ತಾಗಿದ ಕಬ್ಬಿಣ ಕಣವಾಗಿ ಬೀಳುತ್ತದೆ, ಆ ಕಣ ಫಿಲ್ಟರಿನಲ್ಲೇ ನಿಲ್ಲಲಿ. ಕೊನೆಯ ಡ್ರಿಪ್ಪರಿನ ನೀರಿನಲ್ಲಿ ಲೀಟರಿಗೆ 1ರಿಂದ 2 ಮಿಲಿಗ್ರಾಂ ಕ್ಲೋರಿನ್ ಉಳಿದಿದ್ದರೆ ಮದ್ದು ತುದಿವರೆಗೆ ಮುಟ್ಟಿದೆ ಅಂತ. ಆಮೇಲೆ ಪೈಪುಗಳ ತುದಿ ಬಿಚ್ಚಿ ಜೋರಾಗಿ ನೀರು ಹಾಯಿಸಿ. ಎದ್ದ ಲೋಳೆಯನ್ನು ಹೊರಗೆ ತಳ್ಳದಿದ್ದರೆ ಅದೇ ಹೋಗಿ ಮುಂದಿನ ಡ್ರಿಪ್ಪರನ್ನು ಕಟ್ಟುತ್ತದೆ.

ದಯವಿಟ್ಟು ಇದೊಂದನ್ನು ನೆನಪಿಡಿ. ಆಸಿಡ್ ಮತ್ತು ಕ್ಲೋರಿನ್ ದ್ರಾವಣವನ್ನು ಒಂದೇ ಟ್ಯಾಂಕಿನಲ್ಲಾಗಲಿ, ಒಟ್ಟಿಗೇ ಆಗಲಿ ಬಿಡಬೇಡಿ. ವಿಷಗಾಳಿ ಏಳುತ್ತದೆ, ಪ್ರಾಣಕ್ಕೇ ಅಪಾಯ. ರಸಗೊಬ್ಬರ ಬಿಡುವ ದಿನವೂ ಕ್ಲೋರಿನ್ ಬೇಡ. ನೀರಿನ ಪರೀಕ್ಷೆಯ ವರದಿ ಹಿಡಿದು ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದವರನ್ನು ಕೇಳಿದರೆ ನಿಮ್ಮ ನೀರಿಗೆ ತಕ್ಕ ಅಳತೆ ಹೇಳುತ್ತಾರೆ.

ಪ್ರಶ್ನೆ: ಮಗಳು ಸ್ಕೂಲಿಗೆ ಒಯ್ಯುವ ನೀರಿನ ಬಾಟಲಿಯನ್ನು ದಿನಾ ಕುಲುಕಿ ತೊಳೆಯುತ್ತೇನೆ. ಅಷ್ಟು ಸಾಕಾ?
— ತಾಯಿ, ವಿಜಯನಗರ, ಮೈಸೂರು

ಉತ್ತರ: ಸಾಲದು. ಕುಲುಕಿದರೆ ಹೋಗುವುದು ತೇಲುವವು ಮಾತ್ರ, ಅಂಟಿಕೊಂಡವು ಅಲುಗುವುದಿಲ್ಲ. ಅದರಲ್ಲೂ ಚಿಕ್ಕ ಬಾಟಲಿಗೆ ಎಚ್ಚರಿಕೆ ಹೆಚ್ಚು ಬೇಕು. ಪಾತ್ರೆ ಚಿಕ್ಕದಾದಷ್ಟೂ ಅದರಲ್ಲಿರುವ ನೀರಿಗೆ ಹೋಲಿಸಿದರೆ ಗೋಡೆ ಜಾಸ್ತಿ. ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಂಸ್ಥೆಯ ಕ್ಲಾಡ್ ಝೋಬೆಲ್ 1943ರಲ್ಲಿ ಪ್ರಕಟಿಸಿದ ಕೆಲಸ ಇದೇ. ಸಮುದ್ರದ ನೀರನ್ನು ಬಾಟಲಿಗಳಲ್ಲಿ ಇಟ್ಟಾಗ, ನೀರಿಗೆ ಹೆಚ್ಚು ಗೋಡೆ ಸಿಕ್ಕ ಕಡೆ ಬ್ಯಾಕ್ಟೀರಿಯಾಗಳ ಬೆಳವಣಿಗೆಯೂ ಹೆಚ್ಚಿತ್ತು. ನೀರಿನಲ್ಲಿ ತೆಳ್ಳಗೆ ಹರಡಿದ್ದ ಆಹಾರ ಗೋಡೆಯ ಮೇಲೆ ಒಟ್ಟುಗೂಡುತ್ತದೆ, ಅದನ್ನು ಹುಡುಕಿಕೊಂಡು ಅವೂ ಬರುತ್ತವೆ.

ಉದ್ದ ಹಿಡಿಯ ಬಾಟಲಿ ಬ್ರಷ್, ಪಾತ್ರೆ ಸೋಪು, ಬಿಸಿನೀರು ಸಾಕು. ತಳ ಮತ್ತು ಬಾಯಿಯ ಮರೆಗಳನ್ನು ಚೆನ್ನಾಗಿ ತಿಕ್ಕಿ. ಮುಚ್ಚಳದ ಒಳಗಿನ ರಬ್ಬರ್ ಬಳೆಯನ್ನು ಬಿಚ್ಚಿ ಬೇರೆಯಾಗಿ ಉಜ್ಜಿ, ನಾನು ಕಂಡಂತೆ ಲೋಳೆ ಮೊದಲು ಕಾಣಿಸುವುದು ಅಲ್ಲೇ. ಹೀರುವ ಕೊಳವೆ ಇದ್ದರೆ ಅದಕ್ಕೆ ಸಣ್ಣ ಬ್ರಷ್ ಬೇರೆ ಸಿಗುತ್ತದೆ. ರಾತ್ರಿ ಮುಚ್ಚಳ ತೆಗೆದು ಬೋರಲು ಹಾಕಿಡಿ, ಬೆಳಗ್ಗೆ ತುಂಬುವ ಹೊತ್ತಿಗೆ ಒಳಗೆ ಒಣಗಿರಲಿ.